ಕತ್ತರಿಗೆ ಸಿಗದ ಮೊಸಳೆ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸರ್ಕಾರ ಗುಟ್ಟು ಮುಚ್ಚಿಟ್ಟಷ್ಟೂ ನಮ್ಮ ಹಾಸನದ ಆಸ್ಪತ್ರೆಯಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು. ನಾನು ಅಲ್ಲಿ ಮೇಟ್ರನ್, ದಾದಿಯರ ಮುಖ್ಯಸ್ಥೆ. ಕಾನ್ವೆಂಟಿನಲ್ಲಿ ಕಲಿತವಳು, ಚಾದರದ ಸುಕ್ಕನ್ನೂ ಕಾಗುಣಿತದ ತಪ್ಪನ್ನೂ ಸಹಿಸಿದವಳಲ್ಲ.

೧. ಇಲಿ ತಿಂದ ಕಾಗದ

ಹೆಂಗಸರ ವಾರ್ಡಿನ ಆಯಾ ಹತ್ತಿರದ ಮೊಸಳೆ ಎಂಬ ಊರಿನವಳು. ಅವಳ ಒಬ್ಬನೇ ಮಗ ಸೈನ್ಯ ಸೇರಿದ್ದ. ಓದು ಬಾರದ ಅವಳು ಅವನ ಮೊದಲ ಕಾಗದವನ್ನು ನನ್ನ ಬಳಿ ತಂದಳು. ಜಾಗದ ಹೆಸರಿದ್ದ ಕಡೆಯೆಲ್ಲ ಚೌಕ ತೂತು. ಇಲಿ ತಿಂದಿದೆಯೆಂದು ಪೋಸ್ಟಿನವನನ್ನು ಬೈದು ಬಂದಿದ್ದಳು. ಇಲಿಯಲ್ಲ, ಸೈನ್ಯ ಎಲ್ಲಿದೆಯೆಂದು ಶತ್ರುವಿಗೆ ತಿಳಿಯಬಾರದೆಂದು ಸರ್ಕಾರವೇ ಕತ್ತರಿಸಿದೆ ಎಂದೆ.

"ನಾನೇನ್ ಜಪಾನ್ನೋಳಾ ಮೇಟ್ರಮ್ಮ? ಅವನ್ನ ಎತ್ತ ತಾಯಿ ಕಣವ್ವ."

ಅದೇ ಕಾಗದವನ್ನು ಅವಳು ದಿನಾ ಸಂಜೆ ನನ್ನ ಕ್ವಾರ್ಟರ್ಸಿಗೆ ತಂದು ಓದಿಸುತ್ತಿದ್ದಳು. ನನಗೆ ಯಾರ ಕಾಗದವೂ ಬರುತ್ತಿರಲಿಲ್ಲ, ಬೇಡವೆನ್ನಲಿಲ್ಲ. ಕೊನೆಕೊನೆಗೆ ನಾನು ಓದುತ್ತಾ ನಿಂತ ಕಡೆ ಅವಳೇ "ತೂತು" ಎಂದು ಹೇಳಿ, ಮುಂದಕ್ಕೆ ಓದುವಂತೆ ಕೈಸನ್ನೆ ಮಾಡುತ್ತಿದ್ದಳು.

೨. ಒಂದು ಕಾಮಾ ತಪ್ಪದ ಅರ್ಜಿ

ಮಗನಿರುವ ಜಾಗವನ್ನು ತಾಯಿಗಾದರೂ ತಿಳಿಸಿ ಎಂದು ಸೈನ್ಯದ ಕಚೇರಿಗೆ ನಾನೇ ಇಂಗ್ಲಿಷಿನಲ್ಲಿ, ಒಂದು ಕಾಮಾ ತಪ್ಪದಂತೆ, ಬರೆದೆ. ಅಷ್ಟರಲ್ಲಿ ಹೊಳೆನರಸೀಪುರದ ಬಸ್ಸಿನವರು ಬರ್ಮಾ ಎಂದರು, ಕೊಣನೂರು ಸಂತೆಯವರು ಈಜಿಪ್ಟ್ ಎಂದರು. ಆಯಾಳ ಚನ್ನರಾಯಪಟ್ಟಣದ ನೆಂಟರು ಮಾತ್ರ ಸೈನ್ಯ ಆಗಲೇ ವಾಪಸು ಬಂದಿದೆ, ಇಲ್ಲೇ ಎಲ್ಲೋ ಬಚ್ಚಿಟ್ಟಿದ್ದಾರೆ ಎಂದರಂತೆ.

ತಿಂಗಳಾದ ಮೇಲೆ ಉತ್ತರ ಬಂತು: ಅಂಥ ತುಕಡಿ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾಗದು. ಕನ್ನಡದಲ್ಲಿ ಎರಡು ಸಲ ವಿವರಿಸಿದೆ. ಆಯಾ ಮರುಕಪಟ್ಟಳು.

"ಪಾಪ, ಸರ್ಕಾರಾನೂ ಕಳ್ಕೊಂಡ್ಬುಟ್ಟೈತಾ?"

೩. ಡೇರೆ ಹಾಕಿದ ಜಾಗ

ಮುಂದಿನ ಕಾಗದದಲ್ಲಿ ಒಂದೂ ತೂತಿರಲಿಲ್ಲ. ಕನ್ನಡಕ ಏರಿಸಿ ಮೊದಲ ಸಾಲು ಓದಿದೆ: "ಅವ್ವಾ, ನಾವೀಗ ಮೊಸಳೆ ಹತ್ರಾನೇ ಡೇರೆ ಹಾಕಿದ್ದೀವಿ."

ತಲೆಯೆತ್ತಿದಾಗ ಆಯಾ ಇರಲಿಲ್ಲ. ರಜೆಯನ್ನೂ ಕೇಳಿರಲಿಲ್ಲ. ಮಗನಿಗೆ ರೊಟ್ಟಿ ಕಟ್ಟಿಕೊಂಡು ತನ್ನೂರು ಮೊಸಳೆಗೆ ಹೋಗಿ ಅಲ್ಲಿನ ಎರಡೂ ಗುಡಿಗಳ ಹಿಂದೆ, ಕೆರೆ ಏರಿಯ ಕೆಳಗೆ, ಪೊದೆ ಪೊದೆಯಲ್ಲಿ ಹುಡುಕಿದಳಂತೆ. ಸೈನ್ಯದ ಗುಟ್ಟಲ್ಲವೇ, ಏನೆಂದು ಕೇಳಿದವರಿಗೆ ಬಾಯಿ ಬಿಡಲಿಲ್ಲ. ನಿಧಿಯ ಸುಳಿವು ಸಿಕ್ಕಿದೆಯೆಂದು ಅರ್ಧ ಊರು ಗುದ್ದಲಿ ಹಿಡಿದು ಅವಳ ಹಿಂದೆ ನಡೆಯಿತಂತೆ.

ಮಾರನೆಯ ದಿನ ವಾಪಸು ಬಂದಳು. ಕಾಲು ಊದಿತ್ತು, ರೊಟ್ಟಿ ಗಂಟು ಬಿಚ್ಚಿರಲಿಲ್ಲ. ನಾನು ಎರಡನೆಯ ಸಾಲು ಓದಿದೆ: "ಹೊಳೆ ತುಂಬಾ ಅವೇ. ಬಾಯಿ ತಕ್ಕೊಂಡು ಮಲಗಿರ್ತವೆ."

ಅವಳು ಹೊಸ್ತಿಲ ಮೇಲೆ ಕೂತು ಊದಿದ ಕಾಲು ನೀವಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಮೊಸಳೆ ಮನುಸರ್ನ ತಿಂತಾವಾ ಮೇಟ್ರಮ್ಮ?"

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ನಿಜ ಹೇಳಲು ನಾಲಿಗೆ ಏಳಲಿಲ್ಲ. ಗುಟ್ಟಿನಿಂದ ಸರ್ಕಾರಕ್ಕೆ ಎಷ್ಟು ಅನುಕೂಲವೆಂದು ಆಗ ತಿಳಿಯಿತು.

"ಯುದ್ಧ ಮುಗಿಯುವವರೆಗೆ ಅದನ್ನು ಹೇಳುವ ಹಾಗಿಲ್ಲ," ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ಅದೇನ್ ತಿಂತದೆ ಅನ್ನೋದ್ನೂ ಮುಚ್ಚಿಟ್ಟವ್ರಾ? ಅಂಗಾರೆ ಸರ್ಕಾರ ಮೊಸಳೆ ಕಡೆ ಸೇರ್ಕೊಂಡ್ಬುಟ್ಟೈತೆ ಬುಡಿ."