ಒಡೆಯದ ಹಾಲು

“ಯಾರ ಮನ್ಯಾಗ ಬೇಕಾದ್ರೂ ಒಡೀಲಿ, ನಮ್ಮನ್ಯಾಗ ಹಾಲು ಒಡಿಯಂಗಿಲ್ಲ. ನಾ ಇದ್ದೀನಿ” ಎಂದು ಮಲ್ಲಿಕ್ ಗೃಹಪ್ರವೇಶದ ಹಿಂದಿನ ಸಂಜೆ ಹೆಂಡತಿ ರಕ್ಷಿತಾಳ ಮುಂದೆ ಎದೆ ತಟ್ಟಿಕೊಂಡ. ಗಂಡ ಹೀಗೆ ಎದೆ ತಟ್ಟಿಕೊಂಡಾಗಲೆಲ್ಲ ಮನೆಯಲ್ಲಿ ಒಂದಲ್ಲ ಒಂದು ಸಾಮಾನು ರಿಪೇರಿಗೆ ಹೋಗಿದೆ ಎಂಬುದು ಅವಳ ಅನುಭವ. ಆದರೂ ಶುಭಕಾರ್ಯ ನೋಡಿ, ಅದನ್ನು ಎತ್ತದೆ ತೋರಣ ಕಟ್ಟಲು ಹೋದಳು.

ಚಂದಾಪುರದ ಹೊಸ ಫ್ಲಾಟಿಗೆ ಇನ್ನೂ ಫ್ರಿಜ್ ಬಂದಿರಲಿಲ್ಲ. ಬೆಳಗಿನ ಐದರ ಮುಹೂರ್ತಕ್ಕೆಂದು ತಂದಿಟ್ಟ ಹಾಲಿನ ಪ್ಯಾಕೆಟ್ಟುಗಳು ಏಪ್ರಿಲ್ ಸೆಕೆಯಲ್ಲಿ ಬೇಯುತ್ತಿದ್ದವು. ಹಾಲುಕ್ಕಿಸುವಾಗ ಅದು ಒಡೆದರೆ ನೆಂಟರು ನಾಲ್ಕು ದಿನ ಆಡಿಕೊಂಡು ಮರೆತಾರು. ಹಾವೇರಿಯಿಂದ ಬಂದಿರುವ ರಕ್ಷಿತಾಳ ತಾಯಿ ಚನ್ನಬಸಮ್ಮ ಮಾತ್ರ ಏನೂ ಅನ್ನದೆ ಮನಸ್ಸಿಗೆ ಹಚ್ಚಿಕೊಂಡು ಕೊರಗುವವರು.

ಮಲ್ಲಿಕ್ ಧೈರ್ಯಕ್ಕೆ ಕಾರಣವಿತ್ತು. ಬೊಮ್ಮಸಂದ್ರದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಅವನು ತೂಗುತ್ತಿದ್ದುದೇ ಡೈಸೋಡಿಯಂ ಫಾಸ್ಫೇಟ್. ನೋಡಲು ಪುಡಿ ಉಪ್ಪು, ಕೆಲಸದಲ್ಲಿ ಘಟಾನುಘಟಿ! ಹಾಲಿನ ಹುಳಿಯನ್ನು ತಗ್ಗಿಸಿ, ಅದರ ಸುಣ್ಣದಂಶವನ್ನು ಹಿಡಿದಿಟ್ಟು, ಎಷ್ಟು ಕಾಯಿಸಿದರೂ ಒಡೆಯದಂತೆ ಕಾಯುತ್ತದೆ. ಡಬ್ಬಿಯ ಹಾಲು ಗಡ್ಡೆ ಕಟ್ಟದಿರುವುದು, ಚೀಸ್ ಜಿಡ್ಡು ಬಿಡದಿರುವುದು ಎಲ್ಲ ಇದರದೇ ಕೃಪೆ. ಲೀಟರಿಗೆ ಒಂದೆರಡು ಗ್ರಾಂ ಸಾಕು. ಲ್ಯಾಬಿನಲ್ಲಿ ಮಿಲಿಗ್ರಾಂ ಹೆಚ್ಚಾದರೆ ಹುಡುಗರನ್ನು ಗದರುವ ಈ ಮಹಾಶಯ, ನಸುಕಿನಲ್ಲಿ ಯಾರೂ ನೋಡದಾಗ ಅಡುಗೆಮನೆಗೆ ನುಗ್ಗಿ, ತಕ್ಕಡಿ ಇಲ್ಲದ ಕಾರಣ ದೇವರ ಮೇಲೆ ಭಾರ ಹಾಕಿ, ಲ್ಯಾಬಿನಿಂದ ಕಟ್ಟಿಕೊಂಡು ತಂದಿದ್ದ ಪುಡಿಯನ್ನು ಹಾಲಿಗೆ ಐದು ಚಮಚ ಸುರಿದ.

ಹಾಲು ಉಕ್ಕಿತು. ಒಡೆಯಲಿಲ್ಲ. ಚನ್ನಬಸಮ್ಮ ಕೈಮುಗಿದು ಕಣ್ಣೊರೆಸಿಕೊಂಡರು. ಲೋಟದಲ್ಲಿ ಕೊಟ್ಟ ಹಾಲನ್ನು ಚಪ್ಪರಿಸಿದ ಕೆಳಮನೆಯ ಅಶ್ವತ್ಥಮ್ಮನವರು ಏನೋ ಸೋಪಿನ ರುಚಿ ಎಂದು ಶುರುಮಾಡಿ, ಪ್ಯಾಕೆಟ್ ಹಾಲು ಇನ್ನೆಂಗಿರುತ್ತೆ ಎಂದು ತಾವೇ ಸಮಾಧಾನ ಮಾಡಿಕೊಂಡರು. ಮಲ್ಲಿಕ್ ಮೀಸೆಯಡಿ ನಕ್ಕ.

ಸಂಜೆ ಆ ನಗು ಇಳಿಯಿತು. ಚನ್ನಬಸಮ್ಮ ಸೀರೆಗಳ ನಡುವಿನಿಂದ ಸ್ಟೀಲಿನ ಪುಟ್ಟ ಡಬ್ಬಿ ತೆಗೆದರು. ಒಳಗೆ ಹೆಪ್ಪು. ಮದುವೆಯಾಗಿ ಬಂದ ದಿನ ಅವರ ಅತ್ತೆ ಕೈಗಿಟ್ಟಿದ್ದ ಹೆಪ್ಪು, ನಲವತ್ತು ವರ್ಷ ಒಂದು ದಿನವೂ ತಪ್ಪದೆ ಮೊಸರಾಗುತ್ತ ಬಂದದ್ದು ಎಂದು ಬೀಗರಲ್ಲೆಲ್ಲ ಪ್ರಸಿದ್ಧಿ. ಮಗಳ ಹೊಸ ಮನೆ ಅದರಿಂದಲೇ ಶುರುವಾಗಲೆಂದು, ಉಕ್ಕಿಸಿ ಉಳಿದ ಹಾಲಿಗೆ ಅಷ್ಟನ್ನೂ ಹಾಕಿ ಮುಚ್ಚಿಟ್ಟರು. ಹುಳಿಯೇ ಏರದ ಹಾಲು ಮೊಸರೂ ಆಗದೆಂದು ಗೊತ್ತಿದ್ದ ಮಲ್ಲಿಕ್, ಬೇಡ ಎನ್ನಬೇಕೆಂದು ಎರಡು ಸಲ ಬಾಯಿ ತೆರೆದ. ಯಾಕೆ ಎಂದು ಕೇಳಿದರೆ ಏನು ಹೇಳುವುದು?

ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲೂ ಅಲ್ಲದ, ಮೊಸರೂ ಅಲ್ಲದ ನೀರು ನೀರು. ಚನ್ನಬಸಮ್ಮ ಪಾತ್ರೆಯನ್ನು ಬಾಗಿಸಿ ನೋಡಿದರು, ಮತ್ತೊಮ್ಮೆ ಬಾಗಿಸಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ತಮ್ಮ ಅಂಗೈ ನೋಡಿಕೊಂಡರು.

“ನನ್ನ ಕೈಗುಣ ಹೋತವಾ ರಕ್ಷಿತಾ. ವಯಸ್ಸಾತು. ಇನ್ನ ನನ್ನ ಕೈಲೆ ಏನೂ ಮುಟ್ಟಿಸಬ್ಯಾಡ.”

ಸೆಕೆ ಜಾಸ್ತಿ, ಇಲ್ಲಿಯ ಹಾಲೇ ಸರಿಯಿಲ್ಲ ಎಂದು ರಕ್ಷಿತಾ ಏನೇನೋ ಹೇಳಿದಳು. ಮುದುಕಿ ತಲೆಯೆತ್ತಲಿಲ್ಲ. ಸುಮ್ಮನಿದ್ದರೆ ಮಲ್ಲಿಕ್ ಬಚಾವು, ಅವನ ಗುಟ್ಟು ಯಾರಿಗೂ ಗೊತ್ತಿಲ್ಲ. ಆದರೆ ಎಷ್ಟೋ ಬಾಣಂತನ, ಎಷ್ಟೋ ಮದುವೆಯ ಅಡುಗೆ ಮಾಡಿದ ಆ ಕೈ ಅವನ ಐದು ಚಮಚ ಪುಡಿಯಿಂದ ತನ್ನನ್ನೇ ನಂಬದಂತಾಗಿತ್ತು. ಅವನು ಅತ್ತೆಯ ಎದುರು ಕೂತು ಎಲ್ಲ ಒಪ್ಪಿಕೊಂಡ. ಉಪ್ಪಿನ ಹೆಸರು, ಗುಣ, ಸುಣ್ಣದಂಶ ಎಲ್ಲವನ್ನೂ ವಿವರಿಸಿದ.

ಚನ್ನಬಸಮ್ಮ ಪೂರ್ತಿ ಕೇಳಿದರು. “ಅಂದ್ರ ನನ್ನ ಕೈ ಚಲೋನ ಐತಿ?”

“ನಿಮ್ಮ ಕೈ ಚಲೋ ಐತ್ರಿ. ಆದ್ರ ನಲವತ್ತು ವರ್ಷದ ಹೆಪ್ಪು ನನ್ನಿಂದ ಹಾಳಾತು” ಎಂದು ಖಾಲಿ ಡಬ್ಬಿಯನ್ನು ಅವರ ಮುಂದೆ ಇಟ್ಟ.

ಮುದುಕಿಗೆ ನಗು ತಡೆಯಲಾಗಲಿಲ್ಲ. ರಕ್ಷಿತಾಳನ್ನು ಕರೆದು, ಬೇರೆ ಹಾಲು ಬೆಚ್ಚಗೆ ಮಾಡಿ ಅದರಲ್ಲಿ ನಾಲ್ಕು ಒಣಮೆಣಸಿನಕಾಯಿ ತೊಟ್ಟು ಹಾಕಿಡು, ನಾಳೆಗೆ ಹೆಪ್ಪು ತಯಾರು ಎಂದರು. ಆಮೇಲೆ ಅಳಿಯನ ಕಡೆ ಬಾಗಿ ದನಿ ತಗ್ಗಿಸಿದರು.

“ನಮ್ಮತ್ತಿ ಕೊಟ್ಟ ಹೆಪ್ಪು ಮೂರನೇ ದಿನಾನ ಬೆಕ್ಕು ಕುಡದಿತ್ರಿ. ನಾ ಹಿಂಗ ತೊಟ್ಟು ಹಾಕಿ ಮಾಡಿಕೊಂಡೆ. ಅವರು ಸಾಯೂತನಕ ನಾ ಬಾಯಿ ಬಿಡಲಿಲ್ಲ. ನೀವು ಒಂದು ದಿನದಾಗ ಹೇಳಿಬಿಟ್ರಿ. ನನಗಿಂತ ದೊಡ್ಡ ಮನುಷ್ಯಾರು ನೀವು, ಅಳಿಯಂದ್ರ. ಆದ್ರ ಹಾಲಿನ ಪಾತ್ರಿ ಮಾತ್ರ ಇನ್ನ ಮುಟ್ಟಬ್ಯಾಡ್ರಿ.”