ಅತ್ತೆ ಮಸಿ ತೇಯ್ದ ಆರು ಭಾನುವಾರ

ನಮ್ಮ ಸೋದರತ್ತೆ ನಾಳೆಯ ಕೆಲಸವನ್ನು ನಿನ್ನೆಯೇ ಮುಗಿಸಿ, ಇವತ್ತು ಏನು ಮಾಡುವುದೆಂದು ಪರದಾಡುವವರು!

ಉತ್ಪ್ರೇಕ್ಷೆ ಅನ್ನುತ್ತೀರಾ? ನನ್ನ ಡೈರಿಯಲ್ಲಿ ಲೆಕ್ಕವಿದೆ. ಕಳೆದ ವರ್ಷ ಅತ್ತೆ ಹೋದ ಮದುವೆಗಳು ಆರು. ಐದರಲ್ಲಿ ಮಂಟಪಕ್ಕೆ ಹೂವು ಕಟ್ಟುವವನಿಗಿಂತ ಮೊದಲೇ ಹಾಜರು. ಆರನೆಯದರಲ್ಲಿ ಅವನೂ ಇವರೂ ಗೇಟಿನ ಹೊರಗೆ ಜೊತೆಯಾಗಿ ನಿಂತಿದ್ದರು, ಬೀಗ ತೆಗೆಯುವವನಿಗಾಗಿ ಕಾಯುತ್ತ.

ನಾನು ರಾಜಧಾನಿಯ ಮುಖರ್ಜಿ ನಗರದ ಹಾಸ್ಟೆಲಿನಲ್ಲಿದ್ದುಕೊಂಡು ಐಎಎಸ್ ಪರೀಕ್ಷೆಗೆ ಓದುತ್ತಿರುವವಳು. ಓದಿದ ಗಂಟೆ, ಕುಡಿದ ಚಹಾ, ಎಲ್ಲವನ್ನೂ ಬರೆದಿಡುತ್ತೇನೆ. ಭಾನುವಾರ ಮಾತ್ರ ಲೋಧಿ ಕಾಲೋನಿಯಲ್ಲಿರುವ ಅತ್ತೆಯ ಸರ್ಕಾರಿ ಕ್ವಾರ್ಟರ್ಸಿಗೆ ಸಾರನ್ನ ಉಣ್ಣಲು ಹೋಗುತ್ತೇನೆ.

ಫೆಬ್ರವರಿಯಲ್ಲಿ ಅತ್ತೆ ಮೆಟ್ರೋ ಮೆಟ್ಟಿಲ ಮೇಲೆ ಓಡಿ ಬಿದ್ದರು. ಆ ಚಳಿಗಾಲದಲ್ಲಿ ಅದು ಎರಡನೇ ಸಲ. ಬಿಪಿ ನೋಡಿದ ಡಾಕ್ಟರು, "ಮಾತ್ರೆ ನಾನು ಕೊಡಬಲ್ಲೆ. ನಿಧಾನ ನೀವೇ ಕಲಿಯಬೇಕು. ಮೂರನೇ ಸಲ ಬಿದ್ದರೆ ಏಳುತ್ತೀರಿ ಅಂತ ನಾನು ಹೇಳಲಾರೆ" ಎಂದರು.

ಅತ್ತೆ ಆಟೋದಲ್ಲೇ ತೀರ್ಮಾನಿಸಿದರು. "ಆರೇ ವಾರ ಕಣೇ! ಆರು ವಾರದಲ್ಲಿ ನಿಧಾನ ಕಲಿತು ಮುಗಿಸಿಬಿಡ್ತೀನಿ!"

ನಿಧಾನ ಕಲಿಸುವ ಗುರುಗಳೂ ಮರುದಿನವೇ ಸಿಕ್ಕರು. ಕೊಲ್ಕತ್ತಾದಲ್ಲಿ ಹುಟ್ಟಿದ, ಚೀನೀ ಮನೆತನದ ಹಿರಿಯರು. ತಾತನಿಂದ ಕಲಿತ ಕುಂಚದ ಚಿತ್ರಕಲೆಯನ್ನು ಹತ್ತಿರದ ಬೀದಿಯ ತಮ್ಮ ಮನೆಯಲ್ಲಿ ಭಾನುವಾರ ಹೇಳಿಕೊಡುತ್ತಿದ್ದರು. ಮೊದಲ ಭಾನುವಾರ ನಾನೂ ಜೊತೆಗೆ ಹೋದೆ. ಅವರು ಕುಂಚವನ್ನೇ ತೋರಿಸಲಿಲ್ಲ. ಬೆರಳುದ್ದದ ಮಸಿಯ ಕಡ್ಡಿ, ಒಂದು ಕರೀ ಕಲ್ಲು, ನಾಲ್ಕು ಹನಿ ನೀರು.

"ಅರ್ಧ ಗಂಟೆ ತೇಯಿರಿ, ಬೆಹನ್‌ಜೀ. ಮಸಿ ಗಟ್ಟಿಯಾದ ಮೇಲೆ ಕುಂಚ" ಎಂದರು ಹಿಂದಿಯಲ್ಲಿ.

"ರೆಡಿಮೇಡ್ ಸಿಗೋದಿಲ್ಲವಾ, ಮಾಸ್ಟರ್‌ಜೀ?"

"ಸಿಗುತ್ತೆ. ನಿಮಗೆ ಬೇಕಾಗಿರೋದು ಮಸಿನಾ?"

ಅತ್ತೆ ಕಡ್ಡಿಯನ್ನು ಮನೆಗೆ ತಂದರು. ಎರಡನೇ ಭಾನುವಾರ ನಾನು ಅಡುಗೆಮನೆಗೆ ಹೋದರೆ, ಮಿಕ್ಸಿಯ ಚಟ್ನಿ ಜಾರಿನಲ್ಲಿ ಕಡುಗಪ್ಪು ಪದಾರ್ಥ!

"ಅತ್ತೆ, ಹುಚ್ಚೆಳ್ಳು ಚಟ್ನಿನಾ?"

"ಮುಟ್ಟಬೇಡ, ಅದು ಹೋಮ್‌ವರ್ಕು!"

ಮಾಸ್ಟರ್‌ಜೀ ಆ ತರಿತರಿ ಮಸಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಬಹಳ ಚೆನ್ನಾಗಿದೆ. ದೋಸೆ ಎಲ್ಲಿ?"

ಅಂದಿನಿಂದ ಹೊಸ ಕಡ್ಡಿಯನ್ನು ಅವರೆದುರೇ ತೇಯಬೇಕೆಂದಾಯಿತು. ಮೂರನೇ ಭಾನುವಾರ: ನಾಲ್ಕು ನಿಮಿಷ, ಗಡಿಯಾರ ನೋಡಿದ್ದು ಹನ್ನೊಂದು ಸಲ. ನಾಲ್ಕನೆಯದು: ಒಂಬತ್ತು ನಿಮಿಷ, ಆಫೀಸಿನವರಿಗೆ ಫೋನು ಎರಡು. ಐದನೇ ವಾರ ಗಡಿಯಾರವನ್ನು ಅಕ್ಕಿ ಡಬ್ಬದಲ್ಲಿ ಹೂತು ಬಂದರು. "ಬಿಡ್ತೀನಾ ನಾನು?" ಎಂದು ಫೈಲಿಗೆ ಸೀಲು ಒತ್ತುವವರಂತೆ ಉಜ್ಜಿದರು. ಕಡ್ಡಿ ಎರಡು ತುಂಡಾಯಿತು!

ಆರನೇ ಭಾನುವಾರ. ಗಡುವಿನ ಕೊನೆಯ ದಿನ. ಅತ್ತೆ ಅವಸರದಲ್ಲಿ ನೀರು ಸುರಿದರು.

"ಅತ್ತೆ, ನೀರು ಜಾಸ್ತಿಯಾಯ್ತು" ಎಂದೆ.

ಅವರ ಕೈ ನಿಂತಿತು. "ಗಂಧ ತೇಯುವಾಗ ನಮ್ಮಮ್ಮನೂ ಹೀಗೇ ಅನ್ನೋಳು" ಎಂದರು. ಆಮೇಲೆ ಎಡಗೈಯಲ್ಲಿ ಕಲ್ಲು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ದೇವರ ಮುಂದೆ ಸಾಣೆಕಲ್ಲು ಇಟ್ಟುಕೊಂಡವರ ಹಾಗೆ ಸುತ್ತತೊಡಗಿದರು. ಸರ್, ಸರ್, ಎಂಬ ಸದ್ದೊಂದೇ.

ತಲೆಯೆತ್ತದೆ ಹೇಳಿದರು. "ಆಗ ನಾನು ಮಹಾ ಸೋಮಾರಿ ಕಣೇ. ಗಂಧ ತೇಯಿ ಬಾರೇ ಅಂದರೆ, ಬಂದೆ ಬಂದೆ ಅಂತ ಕೂತಲ್ಲೇ ಕೂತಿರ್ತಿದ್ದೆ. ಅಮ್ಮನಿಗೆ ಹುಷಾರಿಲ್ಲ ಅಂತ ಫೋನು ಬಂದಾಗಲೂ ಬಂದೆ ಅಂದೆ. ಎರಡು ದಿನ ಬಿಟ್ಟು ರೈಲು ಹತ್ತಿದೆ. ತಲುಪೋ ಹೊತ್ತಿಗೆ ಎಲ್ಲಾ ಮುಗಿದಿತ್ತು."

ಮಸಿ ಗಟ್ಟಿಯಾಗಿತ್ತು. ಮಾಸ್ಟರ್‌ಜೀ ಕುಂಚವನ್ನು ಮುಂದಕ್ಕೆ ಸರಿಸಿದರು. ಅತ್ತೆ ಅದನ್ನು ನೋಡಲೇ ಇಲ್ಲ. ಉಂಗುರಬೆರಳನ್ನು ಮಸಿಯಲ್ಲಿ ಅದ್ದಿ, ನನ್ನ ಗಲ್ಲ ಹಿಡಿದು, ಹಣೆಗೆ ಇಟ್ಟುಬಿಟ್ಟರು!

"ಅಯ್ಯೋ, ಗಂಧ ಅಂದ್ಕೊಂಡೆ ಕಣೇ! ಒರೆಸ್ಕೋ."

ನಾನು ಒರೆಸಿಕೊಳ್ಳಲಿಲ್ಲ. ಅಂದು ಎಷ್ಟು ನಿಮಿಷ ತೇಯ್ದರೆಂದು ಡೈರಿಯಲ್ಲೂ ಇಲ್ಲ. ನೋಡುವುದನ್ನೇ ಮರೆತಿದ್ದೆ.

ಸಂಜೆ ಅತ್ತೆ ಮೆಟ್ರೋವರೆಗೆ ಬಂದರು. ಕೆಳಗೆ ರೈಲು ಬಂದ ಸದ್ದಾಯಿತು. ಓದುವ ಗಂಟೆ ತಪ್ಪುತ್ತದೆಂದು ನಾನು ಮೆಟ್ಟಿಲಿಳಿದು ಓಡಲು ಹೊರಟೆ. ಒಂದು ಕೈಯಲ್ಲಿ ಕಂಬಿ ಹಿಡಿದಿದ್ದ ಅತ್ತೆ, ಮಸಿ ಮೆತ್ತಿದ ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದರು.

"ಹೋಗ್ಲಿ ಬಿಡೇ. ಇನ್ನೊಂದು ಬರುತ್ತೆ."