ಮೂಗು ಕಟ್ಟಿದ ಮೆಷಿನ್ನು

ನನ್ನ ಸೋದರಮಾವನಿಗೆ ಮನುಷ್ಯರ ಮಾನಕ್ಕಿಂತ ಮೆಷಿನ್ನಿನ ನೆಗಡಿಯ ಮೇಲೆ ಕಕ್ಕುಲಾತಿ ಜಾಸ್ತಿ ಎಂದರೆ ನೀವು ನಂಬುವುದಿಲ್ಲ. ನನ್ನ ಮಾನ ಹೋದದ್ದೇ ಅದರಿಂದ!

ಹಾಸನದ ಐಸ್ ಫ್ಯಾಕ್ಟರಿಯಲ್ಲಿ ರಿಪೇರಿ ಅವನ ಕೆಲಸ. ಅಲ್ಲಿ ಪೈಪುಗಳಿಗೆ ಕಿವಿ ಇಟ್ಟು, ಅವಕ್ಕೆ ಮೂಗು ಕಟ್ಟಿದೆಯೇ ಎಂದು ನೋಡುವುದು ಸರಿಯೇ. ಹೊಳೆನರಸೀಪುರದ ಸೋಡಾ ಅಂಗಡಿಯ ಐಸ್ ಪೆಟ್ಟಿಗೆಗೂ ಕಿವಿ ಇಡಬೇಕೇ? ಅರಕಲಗೂಡಿನಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿ, ಅಳುತ್ತಿದ್ದ ಕೂಸಿನ ಎದೆಗೆ ಕಿವಿಯಿಟ್ಟು, "ಮೂಗು ಕಟ್ಕಂಡದೆ" ಎಂದು ತೀರ್ಪು ಕೊಟ್ಟ. ಕೂಸಿಗೆ ಹೆಸರಿಡುವ ಮೊದಲೇ ಅದರ ಕಾಯಿಲೆಗೆ ಹೆಸರಿಟ್ಟವನು ಇವನೊಬ್ಬನೇ.

ಇಂಥವನೇ ನನಗೆ ಹೆಣ್ಣು ನೋಡಲು ಹಿರಿಯನಾಗಿ ಚನ್ನರಾಯಪಟ್ಟಣಕ್ಕೆ ಬಂದ. ನನಗೆ ಅಪ್ಪನಿಲ್ಲ, ಬೆಳೆಸಿದವನು ಅವನೇ, ಇನ್ಯಾರನ್ನು ಕರೆಯಲಿ? ಹುಡುಗಿಯ ತಂದೆಯದು ಮನೆಯ ಮುಂದೆಯೇ ಐಸ್‌ಕ್ಯಾಂಡಿ ಅಂಗಡಿ. ಊಟಕ್ಕೆ ಕುಳಿತಾಗ, ಬೆಳಿಗ್ಗೆಯಿಂದ ಮೆಷಿನ್ನು ತಣ್ಣಗಾಗುತ್ತಿಲ್ಲ ಎಂದು ಅವರು ಬಾಯಿತಪ್ಪಿ ಹೇಳಿಬಿಟ್ಟರು. ಮುಗಿಯಿತು ಕಥೆ! ಮಾವ ಎಲೆಯ ಮೇಲಿದ್ದ ಬಿಸಿ ರಾಗಿಮುದ್ದೆಯನ್ನು ಎತ್ತಿ, ನನ್ನ ಹೆಗಲಿನ ಹೊಸ ಶಲ್ಯ ಎಳೆದು ಸುತ್ತಿ, ಅಂಗಡಿಗೆ ನಡೆದೇಬಿಟ್ಟ. ಮೆಷಿನ್ನಿನ ಮೂಗಿನಂತಿರುವ ಎಕ್ಸ್‌ಪ್ಯಾನ್ಷನ್ ವಾಲ್ವಿಗೆ ಆ ಮುದ್ದೆಯಿಂದ ಬಾಣಂತಿಗೆ ಕೊಟ್ಟಂತೆ ಶಾಖ ಕೊಟ್ಟ.

ಆ ವಾಲ್ವಿನೊಳಗೆ ಗ್ಯಾಸು ಹಾಯುವ ದಾರಿ ಸೂಜಿಯ ಕಣ್ಣಿನಷ್ಟು. ಒಂದು ಹನಿ ತೇವ ಸೇರಿದರೂ ಅಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಶಾಖಕ್ಕೆ ದಾರಿ ಬಿಟ್ಟುಕೊಂಡರೆ ಕಟ್ಟಿದ್ದು ತೇವ, ಬಿಡದಿದ್ದರೆ ಕಸ. ಇದು ಮಾವನ ವೈದ್ಯ. ಸ್ವಲ್ಪ ಹೊತ್ತಿಗೆ ವಾಲ್ವು ಸುಯ್ ಎಂದಿತು. ಅವನ ಎಲೆಯಡಿಕೆ ಚೀಲದಿಂದ ಸ್ಪ್ಯಾನರೂ, ತೇವ ಹೀರುವ ಹೊಸ ಡಬ್ಬಿಯೂ ಹೊರಬಂದವು. ಹೆಣ್ಣು ನೋಡಲು ಬರುವಾಗ ಇದನ್ನೆಲ್ಲ ತರುತ್ತಾರೆಯೇ? ವಾಲ್ವು ಬಿಚ್ಚಿ, ಒಣಗಿಸಿ, ಡಬ್ಬಿ ಬದಲಾಯಿಸುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಹುಡುಗಿಯ ಮುಖವನ್ನೂ ನಾನು ನೋಡಲಿಲ್ಲ. ಅನ್ನವನ್ನು ಕಬ್ಬಿಣಕ್ಕೆ ಕಟ್ಟುವ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಅವಳ ಅಜ್ಜಿ ಒಳಗಿನಿಂದ ಅಂದದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬಸ್ಸಿನಲ್ಲಿ ಬೈಯಬೇಕೆಂದೇ ಮಾವನ ಕಡೆ ತಿರುಗಿದೆ. ಅವನು ಶಲ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಮೆತ್ತಿದ ರಾಗಿಯನ್ನು ಉಗುರಿನಿಂದ ಕೆರೆಯುತ್ತಿದ್ದ.

"ನಿಮ್ಮಪ್ಪ ಇದ್ದಿದ್ರೆ ಇಂಗಾಯ್ತಿರ್ಲಿಲ್ಲ ಕಣ್ಲಾ," ಎಂದ. ಮೂಗನ್ನು ಸೊರಕ್ಕನೆ ಎಳೆದುಕೊಂಡ.

ಏನಾಯಿತು ಮಾವ ಎಂದು ಕೇಳಿದೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

"ಏನಿಲ್ಲ. ಮೂಗು ಕಟ್ಕಂಡದೆ."

ಬೈಗುಳವೆಲ್ಲ ಮರೆತುಹೋಯಿತು. ಅವನ ಕೈ ತಣ್ಣಗಿತ್ತು. ಅದನ್ನು ನನ್ನೆರಡು ಕೈಗಳ ನಡುವೆ ಇಟ್ಟುಕೊಂಡೆ. ಹಾಸನ ಬರುವವರೆಗೂ ಬಿಡಲಿಲ್ಲ.